ಕೂಪನ್ನಿಗೊಂದು ಅಭಿಪ್ರಾಯ

ಹೋದ ವಾರ ದಟ್ಟಗಳ್ಳಿಯ ನಮ್ಮ ಮನೆಗೆ ಹೊಲಿಗೆ ಮಿಷನ್ ರಿಪೇರಿಯವರು ಬಂದಿದ್ದರು. ಎರಡು ತಿಂಗಳಿಂದ ಅದು ಕಿರುಗುಟ್ಟುತ್ತಿತ್ತು. ವರಾಂಡದಲ್ಲಿ ಹಳೇ ಪೇಪರ್ ಹಾಸಿಕೊಂಡು, ಮಿಷನ್ನಿನ ತಲೆ ಬಿಚ್ಚಿ, ಉದ್ದ ಮೂತಿಯ ಡಬ್ಬಿಯಿಂದ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದರು. ನಾನು ಒಳಗೆ ಹುರುಳಿಕಾಯಿ ಸೋಸುತ್ತಾ ಬಾಗಿ ಕೂತಿದ್ದೆ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಐವತ್ತು ಮುಟ್ಟಿದ ಹೆಂಗಸು, ಹುರುಳಿಕಾಯಿ ತಟ್ಟೆಯ ಮುಂದೆ ಪರೀಕ್ಷೆಗೆ ಕೂತವಳ ಹಾಗೆ ಕೂತೆ. ನನಗೇ ನಗು ಬಂತು. ಆಮೇಲೆ ನಗು ನಿಂತುಹೋಯಿತು...

ಟೈಪಿಂಗ್ ಮಿಸ್ಸು ನೆನಪಾದರು.

ಒಂಟಿಕೊಪ್ಪಲಿನಲ್ಲಿ, ಆಗ ನಾವಿದ್ದ ಮನೆಯಿಂದ ಎರಡು ಅಡ್ಡರಸ್ತೆ ಆಚೆಗೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕದ ಶುರುವಿನಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮಾರನೇ ದಿನವೇ ನಮ್ಮಂಥ ಹುಡುಗಿಯರನ್ನು ಅಲ್ಲಿಗೆ ಅಟ್ಟುತ್ತಿದ್ದರು. ಒಂದೇ ಕೋಣೆ, ಎರಡು ಸಾಲು ಹಳೇ ಮಿಷನ್ನುಗಳು, ಇಡೀ ಕೋಣೆಗೆ ಈ ಎಣ್ಣೆಯ ವಾಸನೆ. ಗೋಡೆಯ ಮೇಲೆ ಮಾತೆ ಮರಿಯಳ ಪಟ, ಅದರ ಪಕ್ಕದಲ್ಲೇ ಯಾವ ಬೆರಳು ಯಾವ ಅಕ್ಷರಕ್ಕೆ ಎಂದು ಬಣ್ಣ ಬಣ್ಣದಲ್ಲಿ ಬರೆದ ಚಾರ್ಟು. ನಾವು ದಿನಾ ವಿಭೂತಿ ಇಟ್ಟುಕೊಳ್ಳುವ ಮನೆಯವರು. ಮೊದಲ ದಿನ ಅಮ್ಮ ಆ ಪಟ ನೋಡಿ ಕೈಮುಗಿದು, "ದೇವ್ರಿರೋ ಜಾಗ, ಪರವಾಗಿಲ್ಲ" ಎಂದು ನನ್ನನ್ನು ಬಿಟ್ಟು ಹೋದಳು.

ಮಿಸ್ಸು ಗಂಜಿ ಹಾಕಿದ ಕಾಟನ್ ಸೀರೆ ಉಡುತ್ತಿದ್ದರು. ತುರುಬಿಗೆ ಯಾವಾಗಲೂ ಒಂದು ಕೆಂಪು ಪೆನ್ಸಿಲ್ ಸಿಕ್ಕಿಸಿರುತ್ತಿತ್ತು. ಮದುವೆ ಆಗಿರಲಿಲ್ಲ. ಬೆನ್ನು ಬಾಗಿದರೆ ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ನಾವು ಹೊಡೆದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಸುಕಾಗಿ ಬಿದ್ದ ಅಕ್ಷರಗಳಿಗೆಲ್ಲ ಕೆಂಪು ಸುತ್ತು ಹಾಕುತ್ತಿದ್ದರು. ನನ್ನ ಎಡಗೈ ಕಿರುಬೆರಳು ಚಿಕ್ಕಂದಿನಲ್ಲಿ ಬೀರುವಿನ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿತ್ತು, ಅದಕ್ಕೆ ಬಲವಿರಲಿಲ್ಲ. ಇಂಗ್ಲಿಷ್ ಮಿಷನ್ನಿನಲ್ಲಿ 'ಎ' ಅಕ್ಷರ ಆ ಬೆರಳಿನ ಪಾಲು. ಹಾಗಾಗಿ ನನ್ನ ಹಾಳೆಯಲ್ಲಿ ಎಲ್ಲೆಲ್ಲಿ 'ಎ' ಇದೆಯೋ ಅಲ್ಲೆಲ್ಲ ಕೆಂಪು ಸುತ್ತು. ಹೆಸರು ಬರೆಯುವುದನ್ನು ಮರೆತರೂ ಮಿಸ್ಸು ಆ ಹಾಳೆಯನ್ನು ಸರಿಯಾಗಿ ನನ್ನ ಮುಂದೆಯೇ ತಂದಿಡುತ್ತಿದ್ದರು.

ಆಮೇಲೆ ನಾನು ಡಿಗ್ರಿ ಮಾಡಿದೆ, ಕಂಪ್ಯೂಟರಿನಲ್ಲಿ ಮಾಸ್ಟರ್ಸ್ ಮಾಡಿದೆ. ಅಷ್ಟರಲ್ಲಿ ಅದೇ ಕಟ್ಟಡದ ಮಹಡಿಯ ಮೇಲೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಬಂತು. ನಾನು ಅಲ್ಲಿ ಪಾಠ ಹೇಳುವ ಮೇಡಂ ಆದೆ. ಕೆಳಗಡೆ ಟಕಟಕ ಸದ್ದು ಕಡಿಮೆಯಾಗುತ್ತಾ ಬಂತು, ಮೇಲ್ಗಡೆ ಬಾಗಿಲಲ್ಲಿ ಚಪ್ಪಲಿ ಸಾಲು ಬೆಳೆಯುತ್ತಾ ಹೋಯಿತು. ನನಗೆ ಮಿಸ್ಸನ್ನು ಕಂಡರೆ ಅಯ್ಯೋ ಪಾಪ ಎನ್ನಿಸುತ್ತಿತ್ತು. ಅಯ್ಯೋ ಪಾಪ ಅನ್ನುವುದು ಎಷ್ಟು ಸುಖದ ಕೆಲಸ! ಎದುರಿನವರು ಸೋಲುತ್ತಿರುವ ತನಕ ನಮಗೆ ಅವರ ಮೇಲೆ ಪ್ರೀತಿಯೋ ಪ್ರೀತಿ. ಸಂಜೆ ಇಳಿದು ಹೋಗುವಾಗ ಅವರ ಖಾಲಿ ಬೆಂಚುಗಳ ಮೇಲೆ ಕೂತು, "ಕಾಲ ಬದಲಾಯ್ತು ಮಿಸ್" ಎಂದು ದೊಡ್ಡವಳ ಹಾಗೆ ಹೇಳಿ ಬರುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ದಿನ ಮಿಸ್ಸೇ ಮೆಟ್ಟಿಲು ಹತ್ತಿ ಬಂದರು. ವೆಬ್ ಪುಟ ಮಾಡುವುದನ್ನು ಕಲಿಯಬೇಕಂತೆ. ತಮ್ಮ ಚರ್ಚಿಗೆ ಒಂದು ಪುಟ ಮಾಡಿಕೊಡುತ್ತೇನೆ ಎಂದು ಫಾದರ್ ಹತ್ತಿರ ಒಪ್ಪಿಕೊಂಡುಬಿಟ್ಟಿದ್ದರು. ಐವತ್ತೈದರ ಹೆಂಗಸು, ಕಾಲೇಜು ಹುಡುಗರ ಮಧ್ಯೆ ನೋಟ್‌ಬುಕ್ಕು ಇಟ್ಟುಕೊಂಡು ಕೂತರು. ಮಹಡಿಯ ಮೇಲೆ ಅವರು ನನ್ನನ್ನು "ಮೇಡಂ" ಎಂದು ಕರೆದು ನೀವು, ತಾವು ಎಂದು ಮಾತಾಡುತ್ತಿದ್ದರು. ಮೆಟ್ಟಿಲು ಇಳಿದ ತಕ್ಷಣ, "ಏನಮ್ಮ, ಊಟ ಆಯ್ತಾ?" ನನಗೆ ಎರಡೂ ಇಷ್ಟವಾಗುತ್ತಿತ್ತು. ಮೊದಲನೆಯದು ಸ್ವಲ್ಪ ಜಾಸ್ತಿ ಇಷ್ಟ.

ಹೊಟ್ಟೆಕಿಚ್ಚು ಶುರುವಾದದ್ದು ಮೂರನೇ ವಾರದಲ್ಲಿ. ವೆಬ್ ಪುಟ ಬರೆಯುವಾಗ ಪ್ರತಿ ಗುರುತನ್ನೂ ತೆರೆದ ಮೇಲೆ ಮುಚ್ಚಬೇಕು. ಮರೆತರೆ ಪುಟವೆಲ್ಲ ಕಲಸಿಹೋಗುತ್ತದೆ. ಅದನ್ನು ನಾನು ಬೋರ್ಡಿನ ತುಂಬಾ ಚಿತ್ರ ಬರೆದು ಎರಡು ತರಗತಿ ವಿವರಿಸಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬನಿಗೆ ಆಗಲೂ ಅರ್ಥವಾಗಿರಲಿಲ್ಲ. ಮಿಸ್ಸು ಅವನ ಕಡೆ ತಿರುಗಿ, "ಬಾಗ್ಲು ತೆಗ್ದೋನು ಹಾಕ್ಬೇಕು ಕಣಪ್ಪ, ಅಷ್ಟೇ" ಎಂದರು. ಅವನ ಮುಖ ಅರಳಿತು. ಅವತ್ತಿನಿಂದ ಹುಡುಗರು ಅನುಮಾನ ಬಂದರೆ ನನ್ನ ಮೇಜಿನ ಹತ್ತಿರ ಬರುವ ಬದಲು ಮಿಸ್ಸಿನ ಕುರ್ಚಿಯ ಹತ್ತಿರ ಹೋಗತೊಡಗಿದರು. ಕಲಿಸಿದವಳು ನಾನು, ಕೇಳುವುದು ಅವರನ್ನ! ನಾನು ಬೋರ್ಡ್ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ.

ಆ ವರ್ಷವೇ ನಮ್ಮೂರಿನ ಕಂಪ್ಯೂಟರ್ ಆಸಕ್ತರ ಒಂದು ಸಂಘ, ಕಾಲೇಜೊಂದರ ಸಭಾಂಗಣದಲ್ಲಿ ಎರಡು ದಿನದ ವೆಬ್ ಪ್ರೋಗ್ರಾಮಿಂಗ್ ಸಮ್ಮೇಳನ ಇಟ್ಟುಕೊಂಡಿತು. ನಾನು ಕಮಿಟಿಯಲ್ಲಿದ್ದೆ. ಯಾವ ಭಾಷಣ ಹೇಗಿತ್ತು ಎಂದು ಸಭಿಕರ ಅಭಿಪ್ರಾಯ ತಿಳಿಯಬೇಕೆಂದು ಎಲ್ಲರಿಗೂ ಆಸೆ. ಆದರೆ ನಮ್ಮ ಜನ ಕೇಳಿದ ಮಾತ್ರಕ್ಕೆ ಬರೆದುಕೊಡುವವರಲ್ಲ, "ಎಲ್ಲಾ ಚೆನ್ನಾಗಿತ್ತು ಕಣ್ರೀ" ಎಂದು ಕೈಬೀಸಿ ಹೋಗುವವರು. ಅದಕ್ಕೆ ಕಮಿಟಿ ಒಂದು ಉಪಾಯ ಮಾಡಿತು. ಭಾಷಣ ಮುಗಿದ ಮೇಲೆ ಬಾಗಿಲಲ್ಲಿ ಒಂದು ಚೀಟಿ ಕೊಡುವುದು. ಅಭಿಪ್ರಾಯ ಬರೆದು ರಟ್ಟಿನ ಪೆಟ್ಟಿಗೆಗೆ ಹಾಕಿದವರಿಗೆ ಮಾತ್ರ ಕಾಫಿ ತಿಂಡಿಯ ಕೂಪನ್ನು. ಚೀಟಿ ಇಲ್ಲ ಅಂದರೆ ವಡೆ ಇಲ್ಲ. ಹೆಸರು ಬರೆಯಬೇಕಾಗಿಲ್ಲ.

ಆ ಚೀಟಿಗಳ ಮೇಲೆ ಒಂದು ದೊಡ್ಡ ವಿಷಯ ನಿಂತಿತ್ತು. ಯಾರ ಭಾಷಣದ ಬಗ್ಗೆ ಒಳ್ಳೆಯ ಅಭಿಪ್ರಾಯ ಬರುತ್ತದೋ ಅವರಿಗೆ ಮುಂದಿನ ವರ್ಷದ ಮುಖ್ಯ ಭಾಷಣ. ಸಂಘ ನಡೆಸುವ ಬೇಸಿಗೆಯ ವೆಬ್ ತರಗತಿಯೂ ಅವರು ಕಲಿಸುವ ಜಾಗದಲ್ಲೇ. ಆ ಮುಖ್ಯ ಭಾಷಣ ನನ್ನದೇ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಯಾವ ಸೀರೆ ಅನ್ನುವುದೂ ತೀರ್ಮಾನವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ತರಗತಿಯ ಹುಡುಗರೇ ಹೋಗಿ ಮಿಸ್ಸಿನ ಹೆಸರು ಕೊಟ್ಟು ಬಂದರು. ಕಾರ್ಯಕ್ರಮದ ಪಟ್ಟಿ ಮಾಡುತ್ತಿದ್ದವಳು ನಾನು. ಮೊದಲ ದಿನ ಬೆಳಗಿನ ಹತ್ತು ಗಂಟೆ ನನಗೆ ಇಟ್ಟುಕೊಂಡೆ. ಮಿಸ್ಸನ್ನು ಅವತ್ತೇ ಮಧ್ಯಾಹ್ನ ಊಟದ ಮೇಲೆ ಹಾಕಿದೆ. ಬಿಸಿಬೇಳೆಬಾತು, ಮೊಸರನ್ನ, ಬಾಳೆಹಣ್ಣು ಆದಮೇಲಿನ ಹೊತ್ತು... ಎಂಥಾ ಪಂಡಿತರು ಮಾತಾಡಿದರೂ ಅರ್ಧ ಸಭೆ ಗೊರಕೆ ಹೊಡೆಯುವ ಹೊತ್ತು. ಪಟ್ಟಿ ನೋಡಿ ಮಿಸ್ಸು, "ಊಟ ಆದ್ಮೇಲೆ ಇಟ್ಟಿದ್ದೀರಾ ಮೇಡಂ? ಒಳ್ಳೇದಾಯ್ತು, ಹೊಟ್ಟೆ ತುಂಬಿದ್ರೆ ಜನ ಸಮಾಧಾನವಾಗಿ ಕೇಳ್ತಾರೆ" ಎಂದರು. ನನ್ನ ಕಿತಾಪತಿ ಅವರಿಗೆ ತಿಳಿಯಿತೋ ಇಲ್ಲವೋ, ಗೊತ್ತಾಗಲಿಲ್ಲ.

ನನ್ನ ಭಾಷಣ ಇಂಗ್ಲಿಷಿನಲ್ಲಿತ್ತು. ಡೇಟಾಬೇಸಿನಿಂದ ಪುಟಗಳು ತಾವಾಗಿ ಹೇಗೆ ತಯಾರಾಗುತ್ತವೆ ಎಂಬ ವಿಷಯ. ನಲವತ್ತಕ್ಕೂ ಮೇಲೆ ಸ್ಲೈಡು, ಬಾಣಗಳ ಮೇಲೆ ಬಾಣ. ಎಲ್ಲೂ ತಪ್ಪಲಿಲ್ಲ, ಎಲ್ಲೂ ತಡವರಿಸಲಿಲ್ಲ. ಮುಗಿದಾಗ ಚಪ್ಪಾಳೆಯೂ ಬಂತು. ಇಷ್ಟು ಸಾಕು ಎಂದುಕೊಂಡು ನೆಮ್ಮದಿಯಾಗಿ ಊಟ ಮಾಡಿದೆ.

ಮಿಸ್ಸಿನ ಭಾಷಣ ಕನ್ನಡದಲ್ಲಿತ್ತು. ಸ್ಲೈಡೇ ಇರಲಿಲ್ಲ. ತಮ್ಮ ಚರ್ಚಿನ ಪುಟವನ್ನು ಮೊದಲ ಸಲ ಸೈಬರ್ ಕೆಫೆಯಲ್ಲಿ ಫಾದರಿಗೆ ತೋರಿಸಲು ಹೋದ ಕಥೆಯಿಂದ ಶುರುಮಾಡಿದರು. ಆ ಕಾಲದಲ್ಲಿ ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಪುಟ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ಕಾಣುತ್ತಿದ್ದವು. ಬಲಿಪೂಜೆಯ, ಅಂದರೆ ಅವರ ಮಾಸ್ ಪ್ರಾರ್ಥನೆಯ, ವೇಳಾಪಟ್ಟಿ ಇರಬೇಕಾದ ಜಾಗದಲ್ಲಿ ಬರೀ ಕಲಸುಮೇಲೋಗರ. ಫಾದರ್ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಕಣಮ್ಮ, ಆದ್ರೆ ಲ್ಯಾಟಿನ್ ಯಾಕೆ ಹಾಕ್ದೆ? ನಮ್ಮೋರಿಗೆ ಅರ್ಥ ಆಗಲ್ಲ" ಎಂದರಂತೆ. ಇಡೀ ಸಭೆ ಹೋ ಎಂದು ನಕ್ಕಿತು. ತೂಕಡಿಸುತ್ತಿದ್ದವರು ಪಕ್ಕದವರನ್ನು ಏನಂದ್ರು ಏನಂದ್ರು ಎಂದು ಕೇಳಿದರು. ಅಲ್ಲಿಂದಾಚೆ ಮಿಸ್ಸು ಅದನ್ನು ಹೇಗೆ ಸರಿಮಾಡಿದರು, ಎಲ್ಲಿ ತಪ್ಪಿದರು, ಫಾಂಟ್ ಇಳಿಸಿಕೊಳ್ಳುವುದನ್ನು ಚರ್ಚಿನ ಅಜ್ಜಿಯರಿಗೂ ತಿಳಿಯುವ ಹಾಗೆ ಪುಟದ ತಲೆಯಲ್ಲಿ ಹೇಗೆ ಬರೆದರು ಎಂದು ಕಂಪ್ಯೂಟರಿನಲ್ಲೇ ಒಂದೊಂದಾಗಿ ಮಾಡಿ ತೋರಿಸಿದರು. ಕೀಲಿಗಳ ಕಡೆ ಒಂದು ಸಲವೂ ನೋಡಲಿಲ್ಲ. ಮುಖ ಸಭೆಯ ಕಡೆ, ಬೆರಳುಗಳು ತಮ್ಮ ಪಾಡಿಗೆ ತಾವು. ಒಬ್ಬನೂ ಮಲಗಲಿಲ್ಲ. ನಾನು ಬಾಗಿಲ ಹತ್ತಿರ ಚೀಟಿಯ ಕಟ್ಟು ಹಿಡಿದುಕೊಂಡು ನಿಂತಿದ್ದೆ. ಮೈಯೆಲ್ಲಾ ಉರಿಯುತ್ತಿತ್ತು.

ಸಂಜೆ ಪೆಟ್ಟಿಗೆಗಳನ್ನು ನಾನೇ ಮನೆಗೆ ತಂದೆ. ಚೀಟಿಗಳನ್ನು ಬೇರ್ಪಡಿಸಿ, ಭಾಷಣಕಾರರಿಗೆ ಒಂದೊಂದು ಕವರಿನಂತೆ ಮಾಡಿಡುವುದು ನನ್ನ ಕೆಲಸ. ಮೊದಲು ನನ್ನದನ್ನೇ ಓದಿದೆ. "ಗುಡ್." "ಗುಡ್." "ಸ್ಲೈಡುಗಳು ಸ್ಪಷ್ಟವಾಗಿದ್ದವು." "ಬಹಳ ಉಪಯುಕ್ತ, ಆದರೆ ಅರ್ಥವಾಗಲಿಲ್ಲ." "ಫ್ಯಾನು ಜೋರಾಗಿ ಹಾಕಬೇಕಿತ್ತು." ಒಬ್ಬ ಪುಣ್ಯಾತ್ಮ, "ವಡೆಗೆ ಚಟ್ನಿ ಸಾಲದು" ಎಂದು ಬರೆದಿದ್ದ. ಇದು ನನ್ನ ಭಾಷಣದ ಬಗ್ಗೆ!

ಮಿಸ್ಸಿನ ಚೀಟಿಗಳನ್ನು ಓದಬಾರದಿತ್ತು. ಓದಿದೆ. ಎರಡೂ ಬದಿ ತುಂಬಿಸಿ ಬರೆದಿದ್ದರು ಜನ. "ನಮ್ಮ ಭಾಷೆಯಲ್ಲೂ ಪುಟ ಮಾಡಬಹುದು ಅಂತ ಇವತ್ತು ಗೊತ್ತಾಯಿತು." "ನಮ್ಮ ಅಮ್ಮನನ್ನು ಕರೆದುಕೊಂಡು ಬರಬೇಕಿತ್ತು." "ಮುಂದಿನ ವರ್ಷ ಇವರಿಗೆ ಒಂದು ಬೆಳಿಗ್ಗೆ ಪೂರ್ತಿ ಕೊಡಿ." ಬೆಳಿಗ್ಗೆ ನನಗೆ ಗುಡ್ ಎಂದು ಎರಡು ಅಕ್ಷರ ಗೀಚಿದ್ದ ಕೈಬರಹವೇ ಮಧ್ಯಾಹ್ನ ಮಿಸ್ಸಿಗೆ ಹತ್ತು ಸಾಲು ಬರೆದಿತ್ತು. ಕೆಲವರು ಬರೆಯುತ್ತಾ ಕೂತು ಕೌಂಟರಿಗೆ ಹೋಗುವಷ್ಟರಲ್ಲಿ ವಡೆ ಮುಗಿದೇಹೋಗಿತ್ತಂತೆ. ವಡೆ ಬಿಟ್ಟು ಬರೆಯುತ್ತಾರೆಯೇ ಜನ? ನಾನು ಆರು ವರ್ಷ ಓದಿದ್ದು, ನಿದ್ದೆಗೆಟ್ಟು ಸ್ಲೈಡು ಮಾಡಿದ್ದು, ಎಲ್ಲಾ ಒಂದು ಲ್ಯಾಟಿನ್ ಜೋಕಿಗೆ ಸೋತುಹೋಯಿತೇ ಎಂದು ಅಳು ಬಂತು. ನಿಜವಾಗಿ ಅತ್ತೆ.

ಆಮೇಲೆ ನಾನು ಮಾಡಿದ ಕೆಲಸ ಹೇಳುತ್ತೇನೆ. ಖಾಲಿ ಚೀಟಿಗಳು ಮಿಕ್ಕಿದ್ದವು. ಒಂದನ್ನು ತೆಗೆದುಕೊಂಡೆ. ಕೈಯಲ್ಲಿ ಬರೆದರೆ ಕಮಿಟಿಯವರಿಗೆಲ್ಲ ನನ್ನ ಅಕ್ಷರ ಗೊತ್ತು, ನೋಟಿಸುಗಳನ್ನು ಬರೆಯುತ್ತಿದ್ದವಳೇ ನಾನು. ತರಬೇತಿ ಕೇಂದ್ರಕ್ಕೆ ಬೀಗ ಬಿದ್ದಿತ್ತು, ಅಲ್ಲಿನ ಪ್ರಿಂಟರ್ ಸಿಗುವಂತಿರಲಿಲ್ಲ. ಮನೆಯ ಮೂಲೆಯಲ್ಲಿ ಅಪ್ಪ ತಮ್ಮ ಮಂಡಿ ವ್ಯಾಪಾರದ ಪತ್ರಗಳಿಗೆ ಇಟ್ಟುಕೊಂಡಿದ್ದ ಹಳೇ ಇಂಗ್ಲಿಷ್ ಟೈಪ್‌ರೈಟರ್ ಇತ್ತು. ಚೀಟಿಯನ್ನು ಅದರ ಉರುಳೆಗೆ ಸೇರಿಸಿದೆ. ಊರಿಗೆಲ್ಲ ಕಂಪ್ಯೂಟರ್ ಕಲಿಸುವವಳು, ಕದ್ದು ಬರೆಯಲು ಟೈಪ್‌ರೈಟರ್ ಮುಂದೆ ಕೂತೆ.

ಒಳಗಿನಿಂದ ಅಮ್ಮ, "ಏನೇ ಅದು ಟಕಟಕ? ಸೀರಿಯಲ್ ಕೇಳಿಸ್ತಿಲ್ಲ ಕಣೇ" ಎಂದಳು.

"ಸಂಘದ ಕೆಲ್ಸ ಕಣಮ್ಮ, ಮುಗ್ದೋಯ್ತು" ಎಂದೆ.

ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೊಡೆದೆ. ಈ ಭಾಷಣಕಾರರಿಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ. ವೆಬ್ ಸಮ್ಮೇಳನಕ್ಕೆ ಬಂದವರಿಗೆ ಚರ್ಚಿನ ಕಥೆ ಹೇಳಿ ನಗಿಸಿದರೆ ಸಾಲದು. ಟೈಪಿಂಗ್ ಕಲಿಸುವವರು ಟೈಪಿಂಗ್ ಕಲಿಸಿಕೊಂಡಿರಲಿ. ಉರುಳೆಯಿಂದ ಚೀಟಿ ಎಳೆದಾಗ ನನಗಾದ ತೃಪ್ತಿಯನ್ನು ಹೇಳಲಾರೆ. ಉರಿಯುವ ಹೊಟ್ಟೆಗೆ ತಣ್ಣೀರು ಸುರಿದ ಹಾಗಾಯಿತು. ಅದನ್ನು ಮಿಸ್ಸಿನ ಕವರಿನ ಮಧ್ಯಕ್ಕೆ ತುರುಕಿದೆ.

ಮಾರನೇ ದಿನ ಸಮ್ಮೇಳನ ಮುಗಿದ ಮೇಲೆ ಕಮಿಟಿ ಸೇರಿತು. ಕವರುಗಳು ಕೈಯಿಂದ ಕೈಗೆ ಹೋದವು. ಮಿಸ್ಸಿನ ಕವರು ಬಿಚ್ಚಿದಾಗ ಎಲ್ಲರ ಮುಖದಲ್ಲೂ ಒಂದು ಇರುಸುಮುರುಸು. ಟೈಪಿಂಗ್ ಕಲಿಸುವ ಹೆಂಗಸಿಗೆ ಮುಖ್ಯ ಭಾಷಣ ಕೊಡಲು ಯಾರಿಗೂ ಮನಸ್ಸಿರಲಿಲ್ಲ, ಬೇಡ ಎನ್ನಲು ಕಾರಣವೂ ಸಿಕ್ಕಿರಲಿಲ್ಲ. ಕಾರಣವನ್ನು ನಾನು ಒದಗಿಸಿದ್ದೆ. ಅಧ್ಯಕ್ಷರಾಗಿದ್ದ ಪ್ರೊಫೆಸರ್ ಆ ಟೈಪ್ ಮಾಡಿದ ಚೀಟಿ ಓದಿ, "ನೋಡಿ, ಒಬ್ರಾದ್ರೂ ಸರಿಯಾಗಿ ಬರ್ದಿದ್ದಾರೆ. ಪುಟ ಬರೆಯೋದು ಪ್ರೋಗ್ರಾಮಿಂಗ್ ಅಲ್ಲ ಕಣ್ರೀ" ಎಂದರು. ಇನ್ನೊಬ್ಬರು, "ಇದ್ಯಾರ್ರೀ, ಟೈಪ್‌ರೈಟರ್ ಹೊತ್ಕೊಂಡು ಬಂದ್ಬುಟ್ಟಿದ್ರಾ ಸಭೆಗೆ?" ಎಂದು ನಕ್ಕರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಆ ಪ್ರಶ್ನೆಯನ್ನು ಯಾರೂ ಮುಂದುವರಿಸಲಿಲ್ಲ. ಮುಖ್ಯ ಭಾಷಣ ನನಗೆ ಎಂದಾಯಿತು.

ಸೋಮವಾರ ಮಿಸ್ಸಿನ ಕವರನ್ನು ಕೊಡಲು ಕೆಳಗಿನ ಕೋಣೆಗೆ ಹೋದೆ. ಆ ಚೀಟಿಯನ್ನು ಮೊದಲೇ ತೆಗೆದು ಹರಿದು ಹಾಕಬಹುದಿತ್ತು. ಅದರ ಕೆಲಸ ಮುಗಿದಿತ್ತಲ್ಲ. ಯಾಕೆ ತೆಗೆಯಲಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಉತ್ತರ ಒಂದೇ: ಅವರು ಅದನ್ನು ಓದಬೇಕಾಗಿತ್ತು ನನಗೆ. ಓದಿ ಸ್ವಲ್ಪ ನೋಯಬೇಕಾಗಿತ್ತು.

ಮಿಸ್ಸು ಕಿಟಕಿಯ ಪಕ್ಕ ಕೂತು, ತುರುಬಿನಿಂದ ಪೆನ್ಸಿಲ್ ತೆಗೆದುಕೊಂಡು, ಒಂದೊಂದೇ ಚೀಟಿ ಓದಿದರು. ಹಾಳೆ ತಿದ್ದುವ ಅಭ್ಯಾಸ, ಓದಿದ್ದಕ್ಕೆಲ್ಲ ಮೂಲೆಯಲ್ಲಿ ಒಂದು ಗೀಟು. ಒಂದು ಬೆಳಿಗ್ಗೆ ಪೂರ್ತಿ ಕೊಡಿ ಎಂದವನ ಚೀಟಿ ಓದಿ ನಕ್ಕರು. ಅಮ್ಮನನ್ನು ಕರೆತರಬೇಕಿತ್ತು ಎಂದವನದ್ದನ್ನು ಎರಡು ಸಲ ಓದಿದರು. ಆಮೇಲೆ ಟೈಪ್ ಮಾಡಿದ್ದು ಕೈಗೆ ಬಂತು. ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಮೂವತ್ತು ವರ್ಷದ ಅಭ್ಯಾಸದಂತೆ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಪೆನ್ಸಿಲ್ ಒಂದು ಅಕ್ಷರಕ್ಕೆ ಸುತ್ತು ಹಾಕಿತು. ಇನ್ನೊಂದಕ್ಕೆ ಹಾಕಿತು. ಮೂರನೆಯದಕ್ಕೆ ಹೋಗುವ ಮೊದಲು ಕೈ ನಿಂತಿತು.



"ಕಿರುಬೆರಳಿಗೆ ಇನ್ನೂ ಬಲ ಬಂದಿಲ್ಲ ಕಣಮ್ಮ" ಎಂದರು. ನನ್ನ ಕಡೆ ನೋಡಲಿಲ್ಲ.

"ಏನ್ ಮಿಸ್?" ಎಂದೆ.

"ಏನಿಲ್ಲ, ಬುಡು" ಎಂದರು. ಅಷ್ಟು ವರ್ಷದಲ್ಲಿ ಮಿಸ್ಸು ಬುಡು ಎಂದದ್ದನ್ನು ನಾನು ಕೇಳಿರಲಿಲ್ಲ. ನಮಗೆ ಬಿಡು ಎಂದೇ ತಿದ್ದುತ್ತಿದ್ದವರು. ಚೀಟಿಗಳನ್ನೆಲ್ಲ ಸಮನಾಗಿ ಜೋಡಿಸಿ, ಆ ಟೈಪಿನದ್ದನ್ನೂ ಸೇರಿಸಿ, ಕವರಿಗೆ ಹಾಕಿಕೊಂಡರು. ಮುಂದಿನ ವರ್ಷ ಯಾರ ಭಾಷಣ ಎಂದು ಕೇಳಿದರು. ನನ್ನದು ಎಂದೆ. "ಓಹೋ" ಎಂದರು. ನಾನು ಮೆಟ್ಟಿಲು ಹತ್ತುವಾಗ ಸಿಕ್ಕಿಬಿದ್ದೆ ಎಂದು ಗೊತ್ತಿತ್ತು, ಆದರೂ ಒಳಗೆಲ್ಲೋ... ಗೆದ್ದೆ ಎನ್ನಿಸುತ್ತಿತ್ತು. ಅದನ್ನೂ ಹೇಳಿಬಿಡಬೇಕು.

ಅವತ್ತಿನಿಂದ ಮಿಸ್ಸು ಮಹಡಿಗೆ ಬರಲಿಲ್ಲ. ಹುಡುಗರು ಕೇಳಿದರೆ, ಮಂಡಿ ನೋವಂತೆ ಎಂದು ನಾನೇ ಹೇಳುತ್ತಿದ್ದೆ. ಬೇಸಿಗೆಯ ವೆಬ್ ತರಗತಿ ನಮ್ಮ ಕೇಂದ್ರದಲ್ಲಿ ನಡೆಯಿತು. ಮೆಟ್ಟಿಲಿನ ತುಂಬಾ ಚಪ್ಪಲಿ. ಆ ಹುಡುಗರಲ್ಲಿ ಅರ್ಧ ಜನ ಕೆಳಗೆ ಕೂತಿದ್ದರೆ ಮಿಸ್ಸಿನ ಬೆಂಚುಗಳು ತುಂಬುತ್ತಿದ್ದವು ಎಂಬುದು ನನಗೆ ಗೊತ್ತಿತ್ತು. ಅವರು ಬಾಗಿಲಲ್ಲಿ ನಿಂತು, ಹತ್ತಿ ಹೋಗುವವರನ್ನು ನೋಡುತ್ತಿದ್ದರು. ಎದುರು ಸಿಕ್ಕರೆ "ಏನಮ್ಮ" ಎನ್ನುತ್ತಿದ್ದರು. ಊಟ ಆಯ್ತಾ ಎಂದು ಮಾತ್ರ ಕೇಳುತ್ತಿರಲಿಲ್ಲ.

ಮರುವರ್ಷ ಮುಖ್ಯ ಭಾಷಣ ಮಾಡಿದೆ. ಮಿಸ್ಸು ಬಂದಿದ್ದರು, ಮೂರನೇ ಸಾಲು. ಒಂದು ಗಂಟೆ ಪೂರ್ತಿ ಬೆನ್ನು ನೆಟ್ಟಗಿಟ್ಟು ಕೇಳಿದರು. ಮುಗಿದ ಮೇಲೆ ಬಾಗಿಲಲ್ಲಿ ಸಾಲಿನಲ್ಲಿ ನಿಂತು, ಚೀಟಿ ಬರೆದು, ಪೆಟ್ಟಿಗೆಗೆ ಹಾಕಿ, ಕೂಪನ್ನು ಇಸಿದುಕೊಂಡು ಹೋದರು. ನಾನು ಮನೆಗೆ ಬಂದವಳೇ ಎಲ್ಲಾ ಗುಡ್‌ಗಳನ್ನೂ ಪಕ್ಕಕ್ಕೆ ತಳ್ಳಿ ಅವರ ಚೀಟಿ ಹುಡುಕಿದೆ. ಬೈದಿರಲಿ ಎಂದು ಆಸೆ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು, ಅವರೂ ನನ್ನಂಥವರೇ ಎಂದಾಗುತ್ತಿತ್ತು. ಚೀಟಿ ಸಿಕ್ಕಿತು. ಗುಂಡಗಿನ ಅಕ್ಷರ. "ಧ್ವನಿ ಹಿಂದಿನ ಸಾಲಿಗೂ ಚೆನ್ನಾಗಿ ಕೇಳಿಸಿತು. ವಿಷಯ ಪೂರ್ತಿ ತಿಳಿದಿದೆ. ನಡುವೆ ಬಹಳ ಅವಸರ ಮಾಡಿದರು. ಕೇಳುವವರಿಗೆ ಉಸಿರಾಡಲು ಬಿಡಬೇಕು." ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದರು. ಸಹಿ ಹಾಕಬೇಕೆಂದು ಯಾರೂ ಕೇಳಿರಲಿಲ್ಲ. ಆ ಪೆಟ್ಟಿಗೆಯಲ್ಲಿ ಹೆಸರಿದ್ದ ಚೀಟಿ ಅದೊಂದೇ.

ಆಗ ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಬಂದದ್ದು ಅದೇ ಹಳೇ ಉರಿ. ಒಳ್ಳೆಯತನದಲ್ಲೂ ಇವರೇ ಮುಂದಿರಬೇಕೇ ಎಂದು.

ಅದಾಗಿ ಒಂದೆರಡು ವರ್ಷಕ್ಕೆ ಮಿಸ್ಸು ಇನ್‌ಸ್ಟಿಟ್ಯೂಟ್ ಮುಚ್ಚಿದರು. ಮಿಷನ್ನುಗಳನ್ನು ಗುಜರಿಯವರು ಎತ್ತಿಕೊಂಡು ಹೋಗುವಾಗ ನಾನು ಮಹಡಿಯ ಕಿಟಕಿಯಲ್ಲಿ ನಿಂತಿದ್ದೆ, ಇಳಿದು ಹೋಗಲಿಲ್ಲ. ಆಮೇಲೂ ಅವರನ್ನು ಹುಡುಕಿಕೊಂಡು ಜನ ಮನೆಗೆ ಹೋಗುತ್ತಿದ್ದರಂತೆ. ಒಬ್ಬರ ಮದುವೆಯ ಪುಟ, ಇನ್ನೊಬ್ಬರ ಶಾಲೆಯ ಪುಟ... ನಮ್ಮ ಕೇಂದ್ರವೂ ಕೊನೆಗೆ ಬಾಗಿಲು ಹಾಕಿತು. ನನ್ನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ನಡುವೆ ಮಾರುಕಟ್ಟೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮಿಸ್ಸು ಸಿಗುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಯಾರೋ ಹಳೇ ವಿದ್ಯಾರ್ಥಿ ಓಡಿ ಬಂದು ಅವರ ಕಾಲು ಮುಟ್ಟುತ್ತಿದ್ದ, ನನ್ನ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಆ ದಶಕ ಮುಗಿಯುವ ಮೊದಲೇ ಮಿಸ್ಸು ತೀರಿಕೊಂಡರು. ಅವರ ಚರ್ಚಿನ ಹಾಲಿನಲ್ಲಿ ಸ್ಮರಣೆಯ ಸಭೆ ಇಟ್ಟುಕೊಂಡಿದ್ದರು. ಹೋದೆ. ಕೂರಲು ಜಾಗವಿರಲಿಲ್ಲ. ಬ್ಯಾಂಕಿನವರು, ಕೋರ್ಟಿನವರು, ತಾಲ್ಲೂಕು ಕಚೇರಿಯವರು, ಅರ್ಧ ಮೈಸೂರಿನ ಬೆರಳುಗಳನ್ನು ತಿದ್ದಿದವರಲ್ಲವೇ. ಇಲ್ಲಿ ಕೂಪನ್ನೂ ಇರಲಿಲ್ಲ, ವಡೆಯೂ ಇರಲಿಲ್ಲ. ಆದರೂ ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಹಿಂದೆ ನಿಂತು ಎಣಿಸುತ್ತಿದ್ದೆ ನಾನು. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡುವವಳು ನಾನೊಬ್ಬಳೇ ಇರಬೇಕು.

ಆಗ ಯಾರೋ ನನ್ನನ್ನು ಗುರುತಿಸಿ, "ಮೇಡಂ, ನೀವೂ ಎರಡು ಮಾತಾಡಿ" ಎಂದು ಮೈಕಿನ ಹತ್ತಿರ ಕರೆದುಕೊಂಡು ಹೋದರು. ಹೇಳಲೇಬೇಕು ಎಂದು ನಿರ್ಧರಿಸಿದ್ದೆ. ನಿಜವಾಗಿ ನಿರ್ಧರಿಸಿದ್ದೆ. ಸಮ್ಮೇಳನ, ಲ್ಯಾಟಿನ್ ಜೋಕು, ಚೀಟಿಗಳು, ಎಲ್ಲಾ ಹೇಳುತ್ತಾ ಬಂದೆ. ಜನ ಮುಂದಕ್ಕೆ ಬಗ್ಗಿ ಕೇಳುತ್ತಿದ್ದರು. ನನ್ನ ಜೀವಮಾನದಲ್ಲಿ ಒಂದು ಸಭೆ ಹಾಗೆ ಕೇಳಿದ್ದು ಅದೇ ಮೊದಲು. ಆ ಜಾಗಕ್ಕೆ ಬಂದಾಗ ಬಾಯಿಂದ ಬಂದದ್ದು, "ಯಾರೋ ಒಬ್ಬರು ಹೊಟ್ಟೆಕಿಚ್ಚಿಗೆ ಒಂದು ಚೀಟಿ ಟೈಪ್ ಮಾಡಿ ಹಾಕಿದ್ರು." ಯಾರೋ ಒಬ್ಬರು! ಮಿಸ್ಸು ಬೆಳಕಿಗೆ ಹಿಡಿದು ಬೆರಳಿನ ಗುರುತು ಕಂಡುಹಿಡಿದದ್ದನ್ನೂ ಹೇಳಿದೆ. ಕಂಡುಹಿಡಿದೂ ಸುಮ್ಮನಿದ್ದರು ಎಂದೆ. ಇಡೀ ಹಾಲು ನಕ್ಕಿತು, ಆಮೇಲೆ ಕಣ್ಣೊರೆಸಿಕೊಂಡಿತು. ಆ ಚೀಟಿಯಿಂದ ಅವರಿಗೆ ಏನು ತಪ್ಪಿಹೋಯಿತು ಎಂಬುದನ್ನು ಹೇಳಲೇ ಇಲ್ಲ. ಇಳಿದು ಬರುವಾಗ ಎಷ್ಟೋ ಜನ ಕೈ ಹಿಡಿದುಕೊಂಡರು. "ಎಷ್ಟು ಚೆನ್ನಾಗಿ ಮಾತಾಡಿದ್ರಿ ಮೇಡಂ." "ಎಲ್ಲರಿಗಿಂತ ನಿಮ್ಮದೇ ಮನಸ್ಸಿಗೆ ತಟ್ಟಿತು." ನನಗೆ ಖುಷಿಯಾಯಿತು. ಮಿಸ್ಸಿನ ಪಟದ ಮುಂದೆಯೇ ನಿಂತು, ಅವರದೇ ಕಥೆಗೆ ಬಂದ ಹೊಗಳಿಕೆಯನ್ನು ನಾನು ತೆಗೆದುಕೊಂಡೆ.

ಅದಾಗಿ ಎಷ್ಟೋ ವರ್ಷವಾಯಿತು. ಆ ಕಟ್ಟಡವೂ ಈಗಿಲ್ಲ. ಅವತ್ತು ಆ ಹಾಲಿನಲ್ಲಿ ಕೂತು ನಕ್ಕವರು, ನನ್ನ ಕೈ ಹಿಡಿದುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿದುಕೊಳ್ಳಿ, ಆ ಯಾರೋ ಒಬ್ಬರು ನಾನೇ. ಮಿಸ್ಸಿಗೆ ಸಿಗಬೇಕಾಗಿದ್ದ ಆ ಒಂದು ಗಂಟೆಯನ್ನು, ಅವರ ಬೆಂಚುಗಳಿಗೆ ಬರಬೇಕಾಗಿದ್ದ ಹುಡುಗರನ್ನು ನಾನು ಕದ್ದೆ. ಮಿಸ್ಸಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಅಷ್ಟು ವರ್ಷ ಎದುರುಬದುರು ಸಿಕ್ಕಿಯೂ ಒಂದು ದಿನವಾದರೂ ತಪ್ಪಾಯ್ತು ಮಿಸ್ ಎನ್ನಲಿಲ್ಲ... ಈಗ ಎಲ್ಲರ ಮುಂದೆ ಅನ್ನುತ್ತಿದ್ದೇನೆ. ಇದನ್ನು ಓದಿ ಯಾರಾದರೂ ಚೆನ್ನಾಗಿದೆ ಎಂದರೆ ನನಗೆ ಮತ್ತೆ ಖುಷಿಯಾಗುತ್ತದೆ, ಅದು ನನಗೆ ಗೊತ್ತು. ದಯವಿಟ್ಟು ಯಾರೂ ಹಾಗನ್ನಬೇಡಿ.